ಅಂಚೆಚೀಟಿಯೊಳಗಿನ ಮನೆ

ನನ್ನ ಬಾಲ್ಯದ ಅಂಚೆಚೀಟಿ ಸಂಗ್ರಹದಲ್ಲಿ ಇಂದಿಗೂ ಉಳಿದಿರುವ ಕೆಲವೇ ಚೀಟಿಗಳಲ್ಲಿ ಫ್ರಾನ್ಸ್ ದೇಶದ್ದೊಂದಿದೆ. 1974ರಲ್ಲಿ ಹೊರಬಂದದ್ದು. ಪ್ಯಾರಿಸ್ ನಗರದ ‘ಅಂವಾಲೀದ್’ ಎಂಬ ಸಂಸ್ಥೆಗೆ ಮುನ್ನೂರು ವರ್ಷ ತುಂಬಿದ ನೆನಪಿಗೆ ಅಲ್ಲಿನ ಅಂಚೆ ಇಲಾಖೆ ಅದನ್ನು ಹೊರತಂದಿತ್ತು. ಆ ಕಟ್ಟಡದಲ್ಲಿ ಈಗ ಫ್ರಾನ್ಸಿನ ಸೇನಾ ವಸ್ತುಸಂಗ್ರಹಾಲಯವಿದೆ. ಸಂಗ್ರಹಕಾರರ ಲೆಕ್ಕದಲ್ಲಿ ಈ ಚೀಟಿಗೆ ಹೇಳಿಕೊಳ್ಳುವಂಥ ಬೆಲೆಯೇನೂ ಇಲ್ಲ. ಮುದ್ರೆ ಬಿದ್ದ, ಬಳಸಿ ಬಿಟ್ಟ ಚೀಟಿ. ಅದರ ಮುಖಬೆಲೆಯನ್ನು ಸೂಚಿಸುವ ಫ್ರಾಂಕ್ ನಾಣ್ಯವೇ 2002ರಲ್ಲಿ ಚಲಾವಣೆಯಿಂದ ಮರೆಯಾಯಿತು. ಆದರೂ ನಾನು ಅದನ್ನು ಜೋಪಾನವಾಗಿ ಇರಿಸಿಕೊಂಡಿದ್ದೇನೆ. ಅದಕ್ಕೆ ನನ್ನ ಸೋದರಮಾವ ಕಾರಣ.

ಎಂಬತ್ತರ ದಶಕದ ಆರಂಭದ ಮಾತು. ಹಾಸನದ ಅಂಗಡಿಯೊಂದರಲ್ಲಿ ಎರಡು ರೂಪಾಯಿಗೆ ಐವತ್ತು ವಿದೇಶಿ ಅಂಚೆಚೀಟಿಗಳ ಪೊಟ್ಟಣ ಸಿಗುತ್ತಿತ್ತು. ಬೇಸಿಗೆ ರಜೆಗೆ ಅಜ್ಜಿಯ ಊರಿಗೆ ಹೋಗುವಾಗ ಅಂಥದ್ದೊಂದು ಪೊಟ್ಟಣ ಕೊಂಡಿದ್ದೆ. ಲಕೋಟೆಯ ಚೂರಿನ ಸಮೇತ ಇದ್ದ ಚೀಟಿಗಳನ್ನು ತಟ್ಟೆಯ ನೀರಿನಲ್ಲಿ ನೆನೆಹಾಕಿ, ಅಂಟು ಬಿಟ್ಟ ಮೇಲೆ ಒಂದೊಂದಾಗಿ ಎತ್ತಿ, ಹಳೆಯ ಪತ್ರಿಕೆಯ ಮೇಲೆ ಜಗಲಿಯಲ್ಲಿ ಒಣಗಲು ಹರಡಿದ್ದೆ. ಮಾವ ಊರುಗೋಲನ್ನು ಗೋಡೆಗೆ ಒರಗಿಸಿ ನನ್ನ ಪಕ್ಕದಲ್ಲಿ ಬಂದು ಕುಳಿತರು.

ಅವರು ಸೇನೆಯ ಎಂಜಿನಿಯರ್ ದಳದಲ್ಲಿದ್ದವರು. 1971ರ ಡಿಸೆಂಬರಿನಲ್ಲಿ ಶಕರ್‌ಗಢ ವಲಯದಲ್ಲಿ ಶತ್ರು ಹುದುಗಿಸಿದ್ದ ನೆಲಬಾಂಬುಗಳನ್ನು ತೆಗೆದು ಟ್ಯಾಂಕುಗಳಿಗೆ ದಾರಿ ಮಾಡಿಕೊಡುವ ಕೆಲಸದಲ್ಲಿದ್ದಾಗ ಅವರ ಬಲಗಾಲು ಮೊಣಕಾಲಿನ ಕೆಳಗೆ ಹೋಯಿತು. ಪುಣೆಯ ಕೃತಕ ಅವಯವ ಕೇಂದ್ರದಲ್ಲಿ ಅವರಿಗೊಂದು ಕಾಲು ಮಾಡಿಕೊಟ್ಟಿದ್ದರು. ಮನೆಯಲ್ಲಿರುವಾಗ ಅದನ್ನು ಬಿಚ್ಚಿಟ್ಟು ಊರುಗೋಲಿನಲ್ಲೇ ಓಡಾಡುತ್ತಿದ್ದರು.

ಒಣಗುತ್ತಿದ್ದ ಚೀಟಿಗಳಲ್ಲಿ ಒಂದನ್ನು ಅವರು ಕಣ್ಣಿನ ಹತ್ತಿರಕ್ಕೆ ತಂದುಕೊಂಡರು. ಸೇನೆಯಲ್ಲಿ ಕಲಿತ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದತೊಡಗಿದರು. “ಏನ್ಲಾ ಇದು, ಹೋಟ್ಲಾ?” ಎಂದರು. ಫ್ರೆಂಚರ ‘ಓತೆಲ್’ ಎಂಬ ಪದಕ್ಕೆ ದೊಡ್ಡ ಭವನವೆಂಬ ಅರ್ಥವೂ ಇದೆಯೆಂದು ತಿಳಿಯದ ನಾನು ಇರಬಹುದು ಎಂದೆ. ಮುಂದಿನ ಪದ ಓದುತ್ತಿದ್ದಂತೆ ಅವರು ಸುಮ್ಮನಾದರು. ಒಳಗೆ ಹೋಗಿ ತಗಡಿನ ಪೆಟ್ಟಿಗೆಯಿಂದ ತಮ್ಮ ಸೇವೆಯ ಕಾಗದಗಳನ್ನು ತಂದು ಒಂದು ಸಾಲಿನ ಮೇಲೆ ಬೆರಳಿಟ್ಟರು. ‘ಇನ್‌ವ್ಯಾಲಿಡೆಡ್ ಔಟ್ ಆಫ್ ಸರ್ವಿಸ್’ ಎಂದಿತ್ತು. ಚೀಟಿಯ ಮೇಲಿನ ಪದವೂ ಕಾಗದದ ಮೇಲಿನ ಪದವೂ ಒಂದೇ ಬಳಗದವು.

“ಇದು ನಮ್ಮೋರ ಮನೆ ಕಣ್ಲಾ” ಎಂದರು ಮಾವ.

ರೈಲಿನ ಟಿಕೆಟು ಅವಧಿ ಮೀರಿದರೆ ‘ಇನ್‌ವ್ಯಾಲಿಡ್’ ಎನ್ನುತ್ತಾರೆಂದಷ್ಟೇ ತಿಳಿದಿದ್ದ ನನಗೆ, ಮನುಷ್ಯರಿಗೂ ಆ ಪದವನ್ನು ಬಳಸುತ್ತಾರೆ ಎಂದು ಗೊತ್ತಾದದ್ದು ಅಂದು. ಆ ಮನೆಯ ಕಥೆಯನ್ನು ಸರಿಯಾಗಿ ಓದಿ ತಿಳಿದುಕೊಳ್ಳಲು ಮಾತ್ರ ಮುಂದೆ ಬಹಳ ವರ್ಷಗಳೇ ಬೇಕಾದವು.

ಹದಿನೇಳನೆಯ ಶತಮಾನದ ಫ್ರಾನ್ಸಿನಲ್ಲಿ ಯುದ್ಧದಿಂದ ಊನವಾಗಿ ಬಂದ ಸೈನಿಕನಿಗೆ ಎರಡೇ ದಾರಿಗಳಿದ್ದವು. ಯಾವುದಾದರೂ ಮಠದವರು ಒಲ್ಲದ ಮನಸ್ಸಿನಿಂದ ಕೊಡುವ ಮೂಲೆಯೊಂದರಲ್ಲಿ ಬಿದ್ದುಕೊಳ್ಳುವುದು ಒಂದು. ಪ್ಯಾರಿಸಿನ ಸೇತುವೆಗಳ ಮೇಲೆ ಭಿಕ್ಷೆಗೆ ಕೂರುವುದು ಇನ್ನೊಂದು. ಹದಿನಾಲ್ಕನೆಯ ಲೂಯಿ ದೊರೆ ಇಂಥವರಿಗಾಗಿ ಒಂದು ಭವನ ಕಟ್ಟಿಸಲು 1670ರಲ್ಲಿ ಆಜ್ಞೆ ಹೊರಡಿಸಿದ. ಮರುವರ್ಷ ಅಡಿಪಾಯ ಬಿತ್ತು. ಲಿಬೆರಲ್ ಬ್ರುವಾನ್ ಅದರ ವಾಸ್ತುಶಿಲ್ಪಿ. ಯುದ್ಧಮಂತ್ರಿ ಲೂವ್ವಾ ಕೆಲಸದ ಉಸ್ತುವಾರಿ ಹೊತ್ತವನು. 1674ರಲ್ಲಿ ಮೊದಲ ಸೈನಿಕರು ಒಳಗೆ ಕಾಲಿಟ್ಟರು. ಶತಮಾನ ಮುಗಿಯುವ ಹೊತ್ತಿಗೆ ಅಲ್ಲಿ ಸುಮಾರು 4,000 ಮಂದಿ ವಾಸವಾಗಿದ್ದರು. ಅಂಚೆಚೀಟಿ ಲೆಕ್ಕ ಹಾಕಿದ ಮುನ್ನೂರು ವರ್ಷ ಈ 1674ರಿಂದ ಮೊದಲಾಗುತ್ತದೆ.

ಅರಸನ ಕರುಣೆ ನಿಷ್ಕಲ್ಮಷವಾಗಿತ್ತೆಂದು ಯಾರೂ ಭಾವಿಸಬೇಕಿಲ್ಲ. ಬೀದಿಯಲ್ಲಿ ಬೇಡುವ ಕುಂಟ ಸೈನಿಕ ಅರಸನ ಪ್ರತಿಷ್ಠೆಗೆ ಕುಂದು. ಸೇನೆಗೆ ಸೇರಬಯಸುವ ಯುವಕನಿಗೆ ಎಚ್ಚರಿಕೆ. ಅವನನ್ನು ಕಣ್ಮರೆ ಮಾಡುವುದೂ ಆಡಳಿತಕ್ಕೆ ಬೇಕಾಗಿತ್ತು. ಒಳಗಿನ ಬದುಕಿನಲ್ಲಿ ಮಠ, ಸೈನಿಕರ ಠಾಣೆ, ಆಸ್ಪತ್ರೆ ಮೂರೂ ಬೆರೆತಿದ್ದವು. ಪ್ರಾರ್ಥನೆ ಕಡ್ಡಾಯ, ನಿಯಮ ಮುರಿದವರಿಗೆ ಶಿಕ್ಷೆ. ಕೈ ಆಡುವವರು ಪಾದರಕ್ಷೆ ಹೊಲಿಯುತ್ತಿದ್ದರು, ಚಿತ್ರಕಂಬಳಿ ನೇಯುತ್ತಿದ್ದರು, ಹಸ್ತಪ್ರತಿಗಳಿಗೆ ಬಣ್ಣದ ಅಲಂಕಾರ ಬರೆಯುತ್ತಿದ್ದರು. ಅವರು ಊಟಕ್ಕೆ ಕೂರುವ ದೊಡ್ಡ ಪಡಸಾಲೆಗಳ ಗೋಡೆಗಳ ತುಂಬ ದೊರೆಯ ವಿಜಯಗಳ ಚಿತ್ರಗಳು. ಯಾವ ಯುದ್ಧ ಅವರ ಕೈಕಾಲು ಕಸಿದುಕೊಂಡಿತ್ತೋ ಅದರ ವೈಭವವನ್ನು ನೋಡುತ್ತಲೇ ಅವರು ರೊಟ್ಟಿ ಮುರಿಯಬೇಕಿತ್ತು.

ಆದರೂ ಒಂದು ಮಾತನ್ನು ಒಪ್ಪಲೇಬೇಕು. ಗಾಯಗೊಂಡವನನ್ನು ಸಾಕುವುದು ಮಠದ ದಾನವಲ್ಲ, ಅವನನ್ನು ಯುದ್ಧಕ್ಕೆ ಕಳುಹಿಸಿದ ರಾಜ್ಯದ ಹೊಣೆ ಎಂಬ ತತ್ತ್ವಕ್ಕೆ ಅಲ್ಲಿ ಕಲ್ಲಿನ ರೂಪ ಸಿಕ್ಕಿತು. ಅದೂ ಸಣ್ಣ ರೂಪವಲ್ಲ. ಕಟ್ಟಡದ ಮುಂಭಾಗವೇ ಸುಮಾರು 196 ಮೀಟರ್ ಉದ್ದವಿದೆ. ಜೂಲ್ ಹಾರ್ದ್ವಾ ಮಾನ್ಸಾರ್ ರೂಪಿಸಿ 1706ರಲ್ಲಿ ಮುಗಿದ ಗುಮ್ಮಟದ ತುದಿ 107 ಮೀಟರ್ ಎತ್ತರಕ್ಕೆ ಏರುತ್ತದೆ. ಅರಮನೆಗೆ ಸಲ್ಲುವ ಗಾತ್ರವನ್ನು ಅಂಗಹೀನ ಸಿಪಾಯಿಗಳ ಮನೆಗೆ ಕೊಟ್ಟಿದ್ದರು.

ಮುಂದೆ ಆ ಮನೆಯ ಮೇಲೆ ಇತಿಹಾಸದ ಪದರಗಳು ಒಂದರ ಮೇಲೊಂದು ಕುಳಿತವು. 1789ರ ಜುಲೈ 14ರ ಬೆಳಿಗ್ಗೆ ಪ್ಯಾರಿಸಿನ ಜನ ಇಲ್ಲಿಗೆ ನುಗ್ಗಿ ನೆಲಮಾಳಿಗೆಯಲ್ಲಿದ್ದ ಸುಮಾರು 30 ಸಾವಿರ ಬಂದೂಕುಗಳನ್ನು ಹೊತ್ತೊಯ್ದರು. ಬಂದೂಕು ಸಿಕ್ಕಿತು, ಮದ್ದು ಸಾಲದು ಎಂದು ಅವರು ಹೊರಟದ್ದು ಬಾಸ್ಟೀಲ್ ಕೋಟೆಗೆ. ಕ್ರಾಂತಿಯ ಆ ಪ್ರಸಿದ್ಧ ದಿನ ಆರಂಭವಾದದ್ದು ಗಾಯಾಳುಗಳ ಮನೆಯಂಗಳದಿಂದ. ಫ್ರೆಂಚರಿಗೆ ಆಲೂಗೆಡ್ಡೆ ತಿನ್ನುವುದನ್ನು ಕಲಿಸಿದ ಪಾರ್ಮಾಂತಿಯೆ ಇದೇ ಮನೆಯ ಔಷಧಶಾಲೆಯಲ್ಲಿ ಕೆಲಸ ಮಾಡಿದವನು. 1814ರಲ್ಲಿ ಶತ್ರುಸೇನೆಗಳು ಪ್ಯಾರಿಸ್ ಪ್ರವೇಶಿಸುವ ಹಿಂದಿನ ರಾತ್ರಿ, ಸಂಸ್ಥೆಯ ಮುಖ್ಯಸ್ಥನಾಗಿದ್ದ ಮಾರ್ಷಲ್ ಸೆರೂರಿಯೆ, ಯುದ್ಧಗಳಲ್ಲಿ ಗೆದ್ದು ತಂದಿದ್ದ ಸುಮಾರು 1,400 ಬಾವುಟಗಳನ್ನು ಅಂಗಳದಲ್ಲಿ ರಾಶಿ ಹಾಕಿ ಸುಡಿಸಿದ. ಶತ್ರುವಿನ ಕೈಗೆ ಮರಳಿ ಸಿಗಬಾರದೆಂಬ ಹಟ. ಒಂದೇ ರಾತ್ರಿಯಲ್ಲಿ ಬೂದಿಯಾದ ಆ ಬಾವುಟಗಳಿಗಾಗಿ ಕೈಕಾಲು ಕಳೆದುಕೊಂಡವರು ಅದೇ ಮನೆಯಲ್ಲಿ ಇನ್ನೂ ಬದುಕಿದ್ದರು.

1840ರ ಡಿಸೆಂಬರಿನಲ್ಲಿ ನೆಪೋಲಿಯನ್ನನ ಅವಶೇಷಗಳನ್ನು ಸೇಂಟ್ ಹೆಲೆನಾ ದ್ವೀಪದಿಂದ ಇಲ್ಲಿಗೆ ತರಲಾಯಿತು. ಗುಮ್ಮಟದ ಕೆಳಗೆ ಅವನ ಸಮಾಧಿ ಸಿದ್ಧವಾಗಲು 1861ರವರೆಗೆ ಹಿಡಿಯಿತು. ಅಲ್ಲಿಂದ ಮುಂದೆ ಜನರ ಮನಸ್ಸಿನಲ್ಲಿ ಇದು ನೆಪೋಲಿಯನ್ನನ ಗೋರಿಯಾಯಿತು. ಮನೆಯ ನಿವಾಸಿಗಳ ಸಂಖ್ಯೆ ಇಳಿಯುತ್ತ ಬಂದಂತೆ ತೆರವಾದ ಪಡಸಾಲೆಗಳಿಗೆ ಆಯುಧಗಳು ಬಂದವು. 1871ರಲ್ಲಿ ಫಿರಂಗಿ ಸಂಗ್ರಹಾಲಯ ಇಲ್ಲಿ ನೆಲೆಯೂರಿತು. 1905ರಲ್ಲಿ ಅದು ಇನ್ನೊಂದು ಐತಿಹಾಸಿಕ ಸಂಗ್ರಹದೊಂದಿಗೆ ಕೂಡಿ ಇಂದಿನ ಸೇನಾ ವಸ್ತುಸಂಗ್ರಹಾಲಯವಾಯಿತು. ಸೈನಿಕರು ಉಣ್ಣುತ್ತಿದ್ದ ಪಡಸಾಲೆಗಳಲ್ಲಿ ಉಕ್ಕಿನ ಕವಚಗಳು ಸಾಲಾಗಿ ನಿಂತವು.

2010ರಲ್ಲಿ ಕಚೇರಿಯ ಕೆಲಸದ ಮೇಲೆ ಪ್ಯಾರಿಸ್‌ಗೆ ಹೋಗುವ ಅವಕಾಶ ನನಗೆ ಒದಗಿತು. ಬಿಡುವಿನ ಒಂದು ದಿನ ಸಿಕ್ಕಿದಾಗ ಮೊದಲು ನೆನಪಾದದ್ದು ಅಂಚೆಚೀಟಿ. ಬೆಳಿಗ್ಗೆ ಹೋದವನು ಸಂಜೆಯವರೆಗೂ ಅಲ್ಲಿದ್ದೆ. ಅಂಗಳದ ಫಿರಂಗಿಗಳನ್ನು ಮುಟ್ಟಿ ನೋಡಿದೆ. 1914ರಲ್ಲಿ ಮಾರ್ನ್ ನದಿಯ ಯುದ್ಧರಂಗಕ್ಕೆ ಸೈನಿಕರನ್ನು ಒಯ್ದ ಪ್ಯಾರಿಸಿನ ಬಾಡಿಗೆ ಕಾರುಗಳಲ್ಲಿ ಒಂದನ್ನು ಅಲ್ಲಿ ಇರಿಸಿದ್ದಾರೆ, ಅದನ್ನು ನೋಡಿದೆ. ನೆಪೋಲಿಯನ್ನನ ಅರಬ್ಬಿ ಕುದುರೆ ‘ವಿಜಿರ್’ನ ಚರ್ಮವನ್ನು ತುಂಬಿಸಿ ಗಾಜಿನ ಹಿಂದೆ ನಿಲ್ಲಿಸಿದ್ದಾರೆ, ಅದರ ಮುಂದೆ ಬಹಳ ಹೊತ್ತು ನಿಂತಿದ್ದೆ. ಸಮಾಧಿ ಕೆಳಗಿರುವುದರಿಂದ ಕಟಾಂಜನಕ್ಕೆ ಒರಗಿ ತಲೆಬಾಗಿಸಿಯೇ ಅದನ್ನು ನೋಡಬೇಕು. ಎಲ್ಲರಂತೆ ನಾನೂ ತಲೆಬಾಗಿಸಿದೆ. ಹೊರಡುವಾಗ ಕಟ್ಟಡದ ಚಿತ್ರವಿರುವ ಒಂದು ಕಾರ್ಡು ಕೊಂಡೆ.

ಊರಿಗೆ ಬಂದ ಮೇಲೆ ಅದನ್ನು ಮಾವನ ಕೈಗೆ ಕೊಟ್ಟೆ. ಅವರಿಗಾಗಲೇ ವಯಸ್ಸಾಗಿತ್ತು, ಜಗಲಿಯಿಂದ ಇಳಿಯುವುದೇ ಅಪರೂಪವಾಗಿತ್ತು. ಫಿರಂಗಿ, ಕುದುರೆ, ಗೋರಿ ಎಲ್ಲದರ ವರ್ಣನೆಯನ್ನೂ ತಾಳ್ಮೆಯಿಂದ ಕೇಳಿದರು. ಆಮೇಲೆ ಕಾರ್ಡನ್ನು ತಿರುಗಿಸಿ ನೋಡುತ್ತ, “ಅಲ್ಲಿ ಈಗ್ಲೂ ನಮ್ಮೋರು ಯಾರಾದ್ರೂ ಇದಾರೇನ್ಲಾ?” ಎಂದು ಕೇಳಿದರು.

ನನ್ನಲ್ಲಿ ಉತ್ತರವಿರಲಿಲ್ಲ. ಇಡೀ ದಿನ ಅಲ್ಲಿ ತಿರುಗಾಡಿದ ನನಗೆ ಆ ಪ್ರಶ್ನೆಯೇ ಹೊಳೆದಿರಲಿಲ್ಲ. ಸತ್ತು ಎರಡು ಶತಮಾನವಾಗುತ್ತ ಬಂದ ಕುದುರೆಯನ್ನು ಕಂಡು ಬಂದಿದ್ದೆ. ಯಾರಿಗಾಗಿ ಆ ಮನೆ ಕಟ್ಟಿದರೋ ಅವರು ಏನಾದರೆಂದು ವಿಚಾರಿಸಿರಲಿಲ್ಲ. ಇಲ್ಲವೆನಿಸುತ್ತದೆ ಮಾವ, ಈಗ ಅದು ಬರೀ ಮ್ಯೂಸಿಯಂ ಎಂದುಬಿಟ್ಟೆ. ಅವರು ತಲೆಯಾಡಿಸಿ ಕಾರ್ಡನ್ನು ಕಿಟಕಿಯ ಮೇಲಿಟ್ಟರು.

ನಾನು ಹೇಳಿದ್ದು ಸುಳ್ಳು. ಆ ಮನೆಯಲ್ಲಿ ಅವರ ಬಳಗದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಅದೇ ಆವರಣದ ಇನ್ನೊಂದು ಭಾಗದಲ್ಲಿ ‘ಅಂವಾಲೀದ್ ರಾಷ್ಟ್ರೀಯ ಸಂಸ್ಥೆ’ ಎಂಬ ಆಸ್ಪತ್ರೆ ನಡೆಯುತ್ತದೆ. ಯುದ್ಧದಲ್ಲಿ ಊನಗೊಂಡ ಸೈನಿಕರಿಗೆ ಅಲ್ಲಿ ಶಾಶ್ವತ ವಸತಿಯಿದೆ. ಎಂಬತ್ತರ ಆಸುಪಾಸಿನಷ್ಟು ಜನರಿಗೆ ಸ್ಥಳವಿದೆ. ಭಯೋತ್ಪಾದಕರ ದಾಳಿಗಳಲ್ಲಿ ಗಾಯಗೊಂಡ ನಾಗರಿಕರನ್ನೂ ಆ ಸಂಸ್ಥೆ ತನ್ನವರೆಂದು ಸ್ವೀಕರಿಸುತ್ತದೆ. 2015ರ ನವೆಂಬರ್ 13ರಂದು ಪ್ಯಾರಿಸಿನಲ್ಲಿ ನಡೆದ ದಾಳಿಗಳಲ್ಲಿ 130 ಮಂದಿ ಸತ್ತಾಗ, ಎರಡು ವಾರಗಳ ನಂತರ ದೇಶ ಅವರಿಗೆ ಶ್ರದ್ಧಾಂಜಲಿ ಸಲ್ಲಿಸಿದ್ದು ಈ ಮನೆಯ ಅಂಗಳದಲ್ಲಿ. ಗಾಯಗೊಂಡವರಲ್ಲಿ ಕೆಲವರು ಗಾಲಿಕುರ್ಚಿಗಳಲ್ಲಿ ಅಲ್ಲಿದ್ದರು. ದೂರದರ್ಶನದಲ್ಲಿ ಅದನ್ನು ನೋಡುವಾಗ ಮಾವನ ಪ್ರಶ್ನೆಗೆ ಉತ್ತರ ಸಿಕ್ಕಿತು. ಕೇಳಲು ಮಾವ ಇರಲಿಲ್ಲ. ಅವರು 2013ರಲ್ಲೇ ತೀರಿಕೊಂಡಿದ್ದರು.

ಅಂದಿನಿಂದ ಈ ಅಂಚೆಚೀಟಿಯನ್ನು ನಾನು ಬೇರೆ ಕಣ್ಣಿನಿಂದ ನೋಡುತ್ತೇನೆ. ಕಟ್ಟಡವನ್ನು ಗೌರವಿಸುವುದು ಸುಲಭ. ಗುಮ್ಮಟಕ್ಕೆ ಚಿನ್ನದ ರೇಕು ಹೊದಿಸಬಹುದು. 1989ರಲ್ಲಿ ಅದನ್ನು ಹೊಸದಾಗಿ ಹೊದಿಸಲು ಸುಮಾರು 12 ಕಿಲೋ ಚಿನ್ನ ಬೇಕಾಯಿತು. ಕಟ್ಟಡ ನೋವಿನಿಂದ ನರಳುವುದಿಲ್ಲ, ಪಿಂಚಣಿಗೆ ಅರ್ಜಿ ಹಾಕುವುದಿಲ್ಲ, ರಾತ್ರಿ ಬೆಚ್ಚಿ ಎದ್ದು ಕೂಗುವುದಿಲ್ಲ. ಅದನ್ನು ಚಿಕ್ಕದು ಮಾಡಿ ಚೀಟಿಯೊಳಗೆ ಕೂರಿಸಬಹುದು. ಮನುಷ್ಯರನ್ನು ಹಾಗೆ ಕೂರಿಸುವುದು ಕಷ್ಟ. 1974ರಲ್ಲಿ ಈ ಚೀಟಿ ಹೊರಬಂದಾಗ ಅಲ್ಜೀರಿಯಾದಿಂದ ಗಾಯಗೊಂಡು ಬಂದ ಫ್ರೆಂಚ್ ಯುವಕರು ನಡುವಯಸ್ಸಿಗೆ ಹತ್ತಿರವಾಗಿದ್ದರು. ಅಲ್ಲಿ ನಡೆದದ್ದು ಯುದ್ಧವೆಂದು ಅವರ ದೇಶದ ಕಾನೂನು ಒಪ್ಪಿಕೊಂಡದ್ದು 1999ರಲ್ಲಿ. ಯುದ್ಧದ ಮನೆಗೆ ಮುನ್ನೂರು ವರ್ಷದ ಉತ್ಸವ ನಡೆಯುತ್ತಿದ್ದಾಗ, ತಾವು ಗಾಯಗೊಂಡ ಯುದ್ಧಕ್ಕೆ ಯುದ್ಧವೆಂಬ ಹೆಸರೇ ಇಲ್ಲದ ಗಾಯಾಳುಗಳು ಆ ದೇಶದಲ್ಲಿದ್ದರು.

ಇದು ಅವರ ಕಥೆಯಾಯಿತು, ನಮ್ಮದೇನು? ಕನ್ನಡ ನಾಡು ವೀರಗಲ್ಲುಗಳ ನಾಡು. ಕೆರೆಯ ಏರಿ, ಊರ ಬಾಗಿಲು, ಗುಡಿಯ ಅಂಗಳ ಎಲ್ಲೆಡೆ ಅವು ನಿಂತಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಡುವ ವೀರ, ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ. ಕಾದಿ ಸತ್ತವನ ಕುಟುಂಬಕ್ಕೆ ನೆತ್ತರುಗೊಡಗೆಯೆಂದು ಭೂಮಿ ಬಿಡುತ್ತಿದ್ದುದೂ ಶಾಸನಗಳಿಂದ ತಿಳಿಯುತ್ತದೆ. ಆದರೆ ಅಪ್ಸರೆಯರು ಕರೆದೊಯ್ಯದೆ ಬಿಟ್ಟುಹೋದವನು, ಒಂದು ಕಾಲಿನಲ್ಲಿ ಊರಿಗೆ ಮರಳಿ ಇನ್ನೂ ನಲವತ್ತು ವರ್ಷ ಬದುಕಿದವನು, ಆ ಮೂರು ಪಟ್ಟಿಕೆಗಳಲ್ಲಿ ಎಲ್ಲಿದ್ದಾನೆ? ಭಾಷೆಯಲ್ಲೂ ಇದೇ ಕೊರತೆ. ಸತ್ತವನಿಗೆ ನಾವು ‘ಹುತಾತ್ಮ’ ಎನ್ನುತ್ತೇವೆ; ಆ ಪದ ಅಳಿಯುವುದಿಲ್ಲ. ಬದುಕಿ ಬಂದವನಿಗೆ ‘ಗಾಯಾಳು’ ಎನ್ನುತ್ತೇವೆ. ಅದು ಮರುದಿನದ ಪತ್ರಿಕೆಯ ಮಟ್ಟಿಗೆ ಮಾತ್ರ ಬಾಳುವ ಪದ.

ದೆಹಲಿಯಲ್ಲಿ 2019ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಯುದ್ಧ ಸ್ಮಾರಕ ಉದ್ಘಾಟನೆಯಾಯಿತು. ಅದರ ಗೋಡೆಗಳ ಮೇಲೆ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಸ್ವಾತಂತ್ರ್ಯ ಬಂದು ಏಳು ದಶಕಗಳಾದ ಮೇಲಾದರೂ ಅಂಥದ್ದೊಂದು ಸ್ಮಾರಕವಾದದ್ದು ಸಮಾಧಾನದ ಸಂಗತಿ. ಆ ಗೋಡೆಯ ಮೇಲೆ ಮಾವನ ಹೆಸರು ಇರಲು ಸಾಧ್ಯವಿಲ್ಲ, ಏಕೆಂದರೆ ಅವರು ಸಾಯಲಿಲ್ಲ. ಅದರಲ್ಲಿ ತಪ್ಪೇನೂ ಇಲ್ಲ. ಅದು ಮಡಿದವರ ಗೋಡೆ. ಬದುಕಿದವರಿಗೆ ಬೇಕಾದದ್ದು ಗೋಡೆಯಲ್ಲ, ಮನೆ.

ಅಂಥ ಮನೆಗಳು ನಮ್ಮಲ್ಲಿ ಇಲ್ಲವೆಂದಲ್ಲ. ಮಾವನಿಗೆ ಕಾಲು ಕೊಟ್ಟ ಪುಣೆಯ ಕೇಂದ್ರ 1944ರಿಂದ ಕೆಲಸ ಮಾಡುತ್ತಿದೆ. ಪಕ್ಕದ ಖಡ್ಕಿಯಲ್ಲಿ, ಬೆನ್ನುಹುರಿಗೆ ಪೆಟ್ಟು ಬಿದ್ದು ದೇಹದ ಅರ್ಧಭಾಗ ಸ್ವಾಧೀನ ಕಳೆದುಕೊಂಡ ಸೈನಿಕರಿಗಾಗಿ ಪುನರ್ವಸತಿ ಕೇಂದ್ರವೊಂದಿದೆ. ಅಲ್ಲಿ ಗಾಲಿಕುರ್ಚಿಯಲ್ಲೇ ಬ್ಯಾಸ್ಕೆಟ್‌ಬಾಲ್ ಆಡುವವರಿದ್ದಾರೆ, ಬಾಯಲ್ಲಿ ಕುಂಚ ಕಚ್ಚಿಕೊಂಡು ಚಿತ್ರ ಬರೆಯುವವರಿದ್ದಾರೆ. ಹಸ್ತಪ್ರತಿಗೆ ಬಣ್ಣ ತುಂಬುತ್ತಿದ್ದ ಆ ಹಳೆಯ ಫ್ರೆಂಚ್ ಸಿಪಾಯಿಗಳ ದೂರದ ಬಂಧುಗಳು ಇವರು. ಈ ಕೇಂದ್ರ ಆರಂಭವಾದದ್ದು 1974ರಲ್ಲಿ, ಪ್ಯಾರಿಸಿನ ಮನೆಯ ಹೆಸರಿನಲ್ಲಿ ಅಂಚೆಚೀಟಿ ಹೊರಬಂದ ವರ್ಷವೇ. ಎರಡಕ್ಕೂ ಯಾವ ಸಂಬಂಧವೂ ಇಲ್ಲ. ಆದರೆ ಈ ಕೇಂದ್ರದ ಹೆಸರನ್ನು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? ಸೇನೆಯು 2018ನೇ ವರ್ಷವನ್ನು ಕರ್ತವ್ಯನಿರತರಾಗಿ ಅಂಗವಿಕಲರಾದ ಸೈನಿಕರ ವರ್ಷವೆಂದು ಘೋಷಿಸಿತ್ತು. ಅದು ಬಂದದ್ದೂ ಹೋದದ್ದೂ ನಮ್ಮಲ್ಲಿ ಬಹುತೇಕರಿಗೆ ತಿಳಿಯಲೇ ಇಲ್ಲ.

ಯುದ್ಧ ಸಂಗ್ರಹಾಲಯಗಳು ಬೇಡವೆಂದು ನಾನು ವಾದಿಸುತ್ತಿಲ್ಲ. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಬೇಕು. ಟ್ಯಾಂಕಿನ ಮುಂದೆ ನಿಲ್ಲಿಸಿ ಚಿತ್ರ ತೆಗೆಯುವುದರಲ್ಲೂ ದೋಷವಿಲ್ಲ. ಆದರೆ ಟ್ಯಾಂಕು ಮುಂದೆ ಸಾಗಲು ಮೊದಲು ಯಾರೋ ಒಬ್ಬ ಮಂಡಿಯೂರಿ ನೆಲ ಕೆದಕಿ ಬಾಂಬು ತೆಗೆದಿರುತ್ತಾನೆ. ಅವನ ಕಾಲು ಯಾವ ಗಾಜಿನ ಪೆಟ್ಟಿಗೆಯಲ್ಲೂ ಇರುವುದಿಲ್ಲ ಎಂಬುದನ್ನೂ ಹೇಳಬೇಕು. ಅಂವಾಲೀದ್ ಭವನದಿಂದ ಕಲಿಯುವಂಥದ್ದು ಇದೊಂದೇ ಎಂದು ನನಗೆ ತೋರುತ್ತದೆ. ಅಲ್ಲಿ ಆಯುಧಗಳ ಪಡಸಾಲೆಗೂ ಗಾಯಗೊಂಡವರ ಹಾಸಿಗೆಗೂ ನಡುವೆ ಕೆಲವು ಹೆಜ್ಜೆಗಳ ಅಂತರವಷ್ಟೇ ಇದೆ. ಆಸ್ಪತ್ರೆಯನ್ನು ಊರ ಹೊರಗೆ ಸಾಗಿಸಿ ಇಡೀ ಕಟ್ಟಡವನ್ನು ಪ್ರವಾಸಿಗರಿಗೆ ಬಿಟ್ಟುಕೊಡಬಹುದಿತ್ತು; ಹಾಗೆ ಮಾಡಲಿಲ್ಲ. ಯುದ್ಧದ ವೈಭವವನ್ನು ನೋಡಲು ಬಂದವನು ಕೇಳುವ ಮನಸ್ಸು ಮಾಡಿದರೆ, ಅದರ ಬೆಲೆ ತೆತ್ತವರು ಪಕ್ಕದ ಕಟ್ಟಿನಲ್ಲೇ ಇದ್ದಾರೆ. ನಾನು ಆ ಮನಸ್ಸು ಮಾಡಲಿಲ್ಲ, ಅಷ್ಟೇ.

ಮೊನ್ನೆ ಮೊಮ್ಮಗಳಿಗೆ ಹಳೆಯ ಆಲ್ಬಮ್ ತೋರಿಸುತ್ತಿದ್ದೆ. ಪತ್ರವನ್ನೇ ಬರೆದು ಗೊತ್ತಿಲ್ಲದ ಪೀಳಿಗೆ ಅವಳದು. ಅಂಚೆಚೀಟಿಯ ಅಂಚಿನ ಹಲ್ಲುಗಳೇ ಅವಳಿಗೆ ಸೋಜಿಗ. ಫ್ರಾನ್ಸಿನ ಚೀಟಿಯ ಮೇಲೆ ಬೆರಳಿಟ್ಟು, ಇದು ಯಾರ ಮನೆ ತಾತ ಎಂದು ಕೇಳಿದಳು. ಅರಮನೆಯೇ, ಕೋಟೆಯೇ ಎಂದು ಕೇಳಲಿಲ್ಲ. ಯಾರ ಮನೆ ಎಂದಳು. ನೆಪೋಲಿಯನ್ನನ ಹೆಸರು ಬಾಯಿಗೆ ಬಂದಿತ್ತು, ತಡೆದುಕೊಂಡೆ. ನಮ್ಮ ಮಾವನಂಥವರ ಮನೆ ಎಂದು ಹೇಳಿ, ಗೋಡೆಯ ಮೇಲಿದ್ದ ಅವರ ಭಾವಚಿತ್ರವನ್ನು ತೋರಿಸಿದೆ.